ಹಿಂದಚ್ಚಿಗೊಂದು ಹೊಸ ಮುಚ್ಚಳ

ಅಮೆರಿಕೆಯ ಊರುಗಳಲ್ಲಿ ಕಾರಿನಲ್ಲಿ ಸಾಗುವವರಿಗೆ, ಕೆಂಪು ದೀಪದ ಬಳಿ ತಮ್ಮ ಮುಂದೆ ನಿಂತ ವಾಹನ ಪಿಕಪ್ಪು ಲಾರಿಯೇ ಆಗಿರುವ ಸಂಭವ ಹೆಚ್ಚು. ಮುಂದೆ ಚಾಲಕನ ಕೋಣೆ, ಹಿಂದೆ ತೆರೆದ ತೊಟ್ಟಿ. ಇಷ್ಟೇ ಅದರ ರೂಪ. ಆದರೆ ಆ ದೇಶದಲ್ಲಿ ಅದು ಕೇವಲ ಸರಕಿನ ಬಂಡಿಯಲ್ಲ. ರೈತನಿಗೆ ಅದು ಜೋಡೆತ್ತು, ಬಡಗಿಗೆ ಹತಾರದ ಪೆಟ್ಟಿಗೆ, ಸಂಸಾರಸ್ಥನಿಗೆ ಕಾರು, ಹರೆಯದವನಿಗೆ ಮೀಸೆ. ಫೋರ್ಡ್ ಸಂಸ್ಥೆಯ ಎಫ್ ಮಾಲಿಕೆಯ ಪಿಕಪ್ಪುಗಳು ೧೯೭೭ರಿಂದೀಚೆಗೆ ಅಲ್ಲಿ ಅತ್ಯಧಿಕವಾಗಿ ಮಾರಾಟವಾಗುವ ಲಾರಿಗಳೆಂಬ ಕೀರ್ತಿಯನ್ನು ಗಳಿಸಿಕೊಂಡಿವೆ. ಮಗನನ್ನೋ ಮಗಳನ್ನೋ ನೋಡಲು ಅಲ್ಲಿಗೆ ಹೋಗಿ ಬಂದ ನಮ್ಮ ಹಿರಿಯರಲ್ಲಿ ಇವುಗಳ ಗಾತ್ರವನ್ನು ಕಂಡು ಬೆರಗಾಗದವರು ಕಡಿಮೆ.

ಅಂಥ ಲಾರಿಯ ಹಿಂದಿನ ಬಂಪರಿನ ಕೆಳಗೆ ಸ್ವಲ್ಪ ಬಾಗಿ ನೋಡಿದರೆ, ಎರಡು ಗಾಲಿಗಳ ನಡುವೆ, ಅಚ್ಚಿನ ಮಧ್ಯದಲ್ಲಿ, ಕುಂಬಳಕಾಯಿಯಂತೆ ಉಬ್ಬಿದ ಒಂದು ಕಬ್ಬಿಣದ ಗುಂಡು ಕಾಣುತ್ತದೆ. ಅದರ ಬೆನ್ನಿಗೆ ಹತ್ತು ಹದಿನಾಲ್ಕು ಬೋಲ್ಟುಗಳಿಂದ ಬಿಗಿದ ಒಂದು ಮುಚ್ಚಳ. ಸಾಮಾನ್ಯವಾಗಿ ಅದು ಕರಿಯ ಬಣ್ಣ ಬಳಿದ, ಕೆಸರು ಮೆತ್ತಿದ, ಯಾರೂ ಕಣ್ಣೆತ್ತಿ ನೋಡದ ತಗಡು. ಕೆಲವು ಲಾರಿಗಳಲ್ಲಿ ಮಾತ್ರ ಅದೇ ಜಾಗದಲ್ಲಿ ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದ, ಮೈತುಂಬ ಏಣುಗಳಿರುವ, ತಯಾರಕನ ಹೆಸರು ಉಬ್ಬಕ್ಷರಗಳಲ್ಲಿ ಮೂಡಿರುವ ದಪ್ಪನೆಯ ಮುಚ್ಚಳವೊಂದು ಥಳಥಳಿಸುತ್ತಿರುತ್ತದೆ. ಹಿತ್ತಲ ಬಾಗಿಲಿಗೆ ಬೆಳ್ಳಿಯ ಚಿಲಕ ಹಾಕಿಸಿದಂತೆ!

ಇದು ಕಾರ್ಖಾನೆಯಿಂದ ಬಂದದ್ದಲ್ಲ. ಮಾಲೀಕ ಆಮೇಲೆ ಅಂಗಡಿಯಲ್ಲಿ ಕೊಂಡು ಹಾಕಿಸಿದ್ದು. ಬೆಲೆ ಸುಮಾರು ೧೫೦ ಡಾಲರುಗಳಿಂದ ೪೦೦ ಡಾಲರುಗಳವರೆಗೆ. ಮಾರುವವರ ಮಾತು ಇದು: ಎಣ್ಣೆ ಹೆಚ್ಚು ಹಿಡಿಸುತ್ತದೆ, ಶಾಖ ಬೇಗ ಆರುತ್ತದೆ, ಹಲ್ಲುಚಕ್ರಗಳು ಬಹುಕಾಲ ಬಾಳುತ್ತವೆ. ಕುದುರೆಗಳ ಗಾಡಿಯನ್ನು ಬೆಟ್ಟದ ದಾರಿಯಲ್ಲಿ ಎಳೆದೊಯ್ಯುವವನಿಗೆ, ದುಡಿಮೆಗೆ ಆ ಒಂದೇ ಲಾರಿಯನ್ನು ನಂಬಿದವನಿಗೆ, ಈ ಮಾತು ಸಣ್ಣದಲ್ಲ. ಹಿಂದಚ್ಚಿನ ಚಕ್ರಗಳು ಕೆಟ್ಟರೆ ರಿಪೇರಿಯ ಖರ್ಚು ಸಾವಿರ ಡಾಲರುಗಳನ್ನು ಸಲೀಸಾಗಿ ದಾಟುತ್ತದೆ. ಓಟದಲ್ಲಿ ಅವು ಕಚ್ಚಿ ನಿಂತರೆ ಹಿಂದಿನ ಗಾಲಿಗಳೂ ನಿಲ್ಲುತ್ತವೆ, ಆಗ ಹೋಗುವುದು ಹಣ ಮಾತ್ರವಲ್ಲ. ಹೀಗಿರುವಾಗ ಈ ಮುಚ್ಚಳ ಕೊಟ್ಟ ಹಣಕ್ಕೆ ತಕ್ಕ ವಸ್ತುವೇ, ಅಥವಾ ಕೇವಲ ಅಲಂಕಾರವೇ? ಇನ್ನೂ ಒಂದು ಪ್ರಶ್ನೆಯಿದೆ, ಅದು ಸ್ವಲ್ಪ ಗಾಬರಿ ಹುಟ್ಟಿಸುವಂಥದು: ಒಳ್ಳೆಯದಾಗಲೆಂದು ಹಾಕಿಸಿದ ಮುಚ್ಚಳದಿಂದ ಕೆಡುಕೇ ಆಗಬಹುದೇ?

ಗುಂಡಿನೊಳಗಿನ ಸಂಸಾರ

ಮೊದಲು ಆ ಗುಂಡಿನೊಳಗೆ ಏನಿದೆಯೆಂಬುದನ್ನು ನೋಡಬೇಕು. ಶಾಲೆಯ ಮಕ್ಕಳು ಸಾಲಾಗಿ ಕವಾಯತು ಮಾಡುತ್ತ ಮೂಲೆಯಲ್ಲಿ ತಿರುಗುವಾಗ, ಒಳತುದಿಯ ಹುಡುಗ ನಿಂತಲ್ಲೇ ಹೆಜ್ಜೆ ಹಾಕಿದರೆ ಸಾಕು, ಹೊರತುದಿಯವನು ಓಡಬೇಕು. ಮೋಟಾರು ವಾಹನ ತಿರುವಿನಲ್ಲಿ ಹೊರಳುವಾಗ ಅದರ ಎರಡು ಗಾಲಿಗಳ ಪಾಡೂ ಇದೇ. ಹೊರಗಿನ ಗಾಲಿ ಹೆಚ್ಚು ಸುತ್ತಬೇಕು, ಒಳಗಿನದು ಕಡಿಮೆ. ಎತ್ತಿನ ಬಂಡಿಗೆ ಇದರ ತೊಡಕಿಲ್ಲ, ಅದರ ಗಾಲಿಗಳು ತಮ್ಮಷ್ಟಕ್ಕೆ ಉರುಳುತ್ತವೆ. ಆದರೆ ಎಂಜಿನ್ನು ಎರಡು ಗಾಲಿಗಳನ್ನೂ ಒಟ್ಟಿಗೆ ತಿರುಗಿಸಬೇಕು, ಒಂದು ಮತ್ತೊಂದಕ್ಕಿಂತ ಮುಂದೆ ಹೋಗಲೂ ಅವಕಾಶವಿರಬೇಕು ಎಂದಾಗ ಕಷ್ಟ ಬರುತ್ತದೆ. ಈ ಗಂಟನ್ನು ಬಿಡಿಸುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಫ್ರಾನ್ಸಿನ ಗಡಿಯಾರದ ಕುಶಲಿ ಒನೆಸಿಫೋರ್ ಪೆಕರ್ ೧೮೨೭ರಲ್ಲಿ ಹಬೆಯ ಬಂಡಿಗಾಗಿ ಇದಕ್ಕೆ ಪೇಟೆಂಟು ಪಡೆದ. ಪೆಟ್ರೋಲು ಕಾರು ಹುಟ್ಟಲು ಆಗ ಇನ್ನೂ ಅರ್ಧ ಶತಮಾನಕ್ಕೂ ಮಿಗಿಲು ಕಾಲವಿತ್ತು.

ಎಂಜಿನ್ನಿನಿಂದ ಉದ್ದಕ್ಕೆ ಬರುವ ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿದೆ. ಅದು ತಟ್ಟೆಯಷ್ಟು ಅಗಲದ ಮತ್ತೊಂದು ಚಕ್ರವನ್ನು ತಿರುಗಿಸುತ್ತದೆ. ನಮ್ಮ ಲಾರಿ ಮೇಸ್ತ್ರಿಗಳು 'ಕ್ರೌನ್' ಎಂದು ಕರೆಯುವುದು ಇದನ್ನೇ. ಉದ್ದಕ್ಕೆ ಬಂದ ಶಕ್ತಿ ಇಲ್ಲಿ ಅಡ್ಡಕ್ಕೆ ತಿರುಗಿ ಎರಡೂ ಗಾಲಿಗಳಿಗೆ ಹೋಗುತ್ತದೆ. ಅಮೆರಿಕೆಯ ಪ್ಯಾಕರ್ಡ್ ಕಾರುಗಳಲ್ಲಿ ೧೯೨೬ರಲ್ಲಿ ಒಂದು ಹೊಸ ಬಗೆಯ ಜೋಡಣೆ ಬಂತು. ಪಿನಿಯನ್ನನ್ನು ಕ್ರೌನ್ ಚಕ್ರದ ನಡುಮಟ್ಟಕ್ಕಲ್ಲದೆ ಅದಕ್ಕಿಂತ ಕೆಳಗೆ ಕೂರಿಸುವ 'ಹೈಪಾಯ್ಡ್' ಕ್ರಮ ಅದು. ಇದರಿಂದ ದಂಡ ಕೆಳಗಿಳಿಯಿತು, ಕಾರಿನ ನೆಲವೂ ತಗ್ಗಾಯಿತು, ಚಕ್ರಗಳ ಸದ್ದು ಅಡಗಿತು. ಆದರೆ ಒಂದು ಸಾಲವೂ ತಲೆಗೆ ಬಂತು. ಇಲ್ಲಿ ಹಲ್ಲಿನ ಮೇಲೆ ಹಲ್ಲು ಉರುಳುವುದಷ್ಟೇ ಅಲ್ಲ, ಭಾರದ ಅಡಿಯಲ್ಲಿ ಉಜ್ಜಿಕೊಂಡು ಜಾರುತ್ತದೆ. ಸಾಧಾರಣ ಎಣ್ಣೆಯ ಪದರ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಆದ್ದರಿಂದಲೇ ಇದಕ್ಕೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿದ ವಿಶೇಷವಾದ ಮಂದ ಎಣ್ಣೆ ಬೇಕು. ಹಳೆಯ ಲಾರಿಯ ಹಿಂದಚ್ಚನ್ನು ಬಿಚ್ಚಿದ ಗ್ಯಾರೇಜಿನ ಪಕ್ಕ ಹಾದುಹೋದವರಿಗೆ ಆ ಗಂಧಕದ ನಾತ ಮರೆಯುವಂಥದಲ್ಲ.

ಈ ಎಣ್ಣೆಯನ್ನು ಎಲ್ಲ ಕಡೆಗೂ ತಲಪಿಸಲು ಎಂಜಿನ್ನಿನಲ್ಲಿರುವಂತೆ ಪಂಪು ಇಲ್ಲಿ ಇಲ್ಲ. ತಳದಲ್ಲಿ ಎರಡು ಮೂರು ಲೀಟರು ಎಣ್ಣೆ ನಿಂತಿರುತ್ತದೆ. ಕ್ರೌನ್ ಚಕ್ರದ ಕೆಳಭಾಗ ಅದರಲ್ಲಿ ಮುಳುಗಿರುತ್ತದೆ. ಬಾವಿಯ ರಾಟೆಗೆ ಕಟ್ಟಿದ ಮಡಕೆಗಳ ಸಾಲು ನೀರನ್ನು ಮೊಗೆದು ಮೇಲಕ್ಕೆ ತರುವಂತೆ ಆ ಚಕ್ರವೇ ಎಣ್ಣೆಯನ್ನು ಮೊಗೆದು ಒಯ್ಯುತ್ತದೆ. ಲಾರಿ ಮುಂದಕ್ಕೆ ಚಲಿಸುವಾಗ ಚಕ್ರದ ತಳಭಾಗ ಹಿಂದಕ್ಕೆ ಸರಿದು, ಹಿಂಬದಿಯಲ್ಲಿ ಮೇಲೇರಿ, ತಲೆಯ ಮೇಲಿನಿಂದ ಮುಂದಕ್ಕೆ ಬರುತ್ತದೆ. ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ. ಹಿಂಬದಿಯಲ್ಲಿ ಅದಕ್ಕೆ ಎದುರಾಗುವುದೇ ನಮ್ಮ ಕಥಾನಾಯಕನಾದ ಮುಚ್ಚಳ. ಅದರ ಒಳಮೈಯನ್ನು ಸವರಿಕೊಂಡು ಮೇಲೇರಿದ ಎಣ್ಣೆ ಮುಂದಕ್ಕೆ ಹಾರಿ, ಅಲ್ಲಿ ಬಿಟ್ಟಿರುವ ಕಾಲುವೆಯಲ್ಲಿ ಇಳಿದು, ಪಿನಿಯನ್ನನ್ನು ಹಿಡಿದಿರುವ ಎರಡು ಬೇರಿಂಗುಗಳಿಗೆ ಉಣಿಸಿ, ಮತ್ತೆ ತಳ ಸೇರುತ್ತದೆ.

ಇದು ನಿಧಾನದ ಸುತ್ತಾಟವೆಂದು ಎಣಿಸಬಾರದು. ೩೨ ಅಂಗುಲ ಎತ್ತರದ ಗಾಲಿಯ ಪಿಕಪ್ಪು ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಹೋಗುವಾಗ ಗಾಲಿ ನಿಮಿಷಕ್ಕೆ ಸುಮಾರು ೬೫೦ ಸುತ್ತು ಹಾಕುತ್ತದೆ. ಕ್ರೌನ್ ಚಕ್ರದ ಅಗಲ ೧೧.೫ ಅಂಗುಲವಾದರೆ ಅದರ ಅಂಚಿನ ವೇಗ ಸೆಕೆಂಡಿಗೆ ಹತ್ತು ಮೀಟರು. ಆ ವೇಗದಲ್ಲಿ ಎರಚಿದ ಎಣ್ಣೆ ಮುಚ್ಚಳದ ಯಾವ ಆಕಾರಕ್ಕೆ ಬಡಿಯುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಶಾಖದ ಲೆಕ್ಕ

ಶಾಖದ ಭಯ ಹುಸಿಯೆಂದು ಯಾರೂ ಹೇಳಲಾರರು. ದೊಡ್ಡ ಗಾಡಿಯೊಂದನ್ನು ಹಿಂದೆ ಕಟ್ಟಿಕೊಂಡು ಏರು ಹತ್ತುವ ಲಾರಿ ೧೫೦ ಅಶ್ವಶಕ್ತಿಯನ್ನು ಹಿಂದಚ್ಚಿಗೆ ಕಳಿಸುತ್ತಿದೆಯೆಂದೂ ಅದರಲ್ಲಿ ಶೇಕಡಾ ನಾಲ್ಕು ಭಾಗ ಹಲ್ಲುಗಳ ತಿಕ್ಕಾಟದಲ್ಲಿ ಕರಗುತ್ತದೆಂದೂ ಇಟ್ಟುಕೊಳ್ಳೋಣ. ಆರು ಅಶ್ವಶಕ್ತಿ ಎಂದರೆ ಸುಮಾರು ನಾಲ್ಕೂವರೆ ಕಿಲೋವಾಟು. ಸ್ನಾನದ ಮನೆಯ ಎರಡು ಕಿಲೋವಾಟಿನ ಗೀಸರುಗಳನ್ನು ಎರಡು ಒಟ್ಟಿಗೆ ಹಚ್ಚಿದರೂ ಅಷ್ಟು ಶಾಖ ಹುಟ್ಟದು. ಎರಡು ಮೂರು ಲೀಟರು ಎಣ್ಣೆಗೆ ಇದು ತಕ್ಕ ಉರಿಯೇ ಸರಿ. ಇಂಥ ಏರುಗಳಲ್ಲಿ ಹಿಂದಚ್ಚಿನ ಎಣ್ಣೆ ನೀರು ಕುದಿಯುವ ಮಟ್ಟವನ್ನು ದಾಟುವುದು ಅಪರೂಪವಲ್ಲ. ಲಾರಿಗಳ ಶಕ್ತಿಯೂ ವರ್ಷ ವರ್ಷಕ್ಕೆ ಏರುತ್ತಿದೆ. ೨೦೧೯ರ ಮಾದರಿಯ ರ್‍ಯಾಮ್ ಭಾರೀ ಪಿಕಪ್ಪಿನ ಡೀಸಲ್ ಎಂಜಿನ್ನು ಸಾವಿರ ಪೌಂಡಡಿ ತಿರುಚುಬಲವನ್ನು ಮುಟ್ಟಿತು. ಇಂದಿನ ಭಾರೀ ಪಿಕಪ್ಪುಗಳಲ್ಲಿ ೩೦,೦೦೦ ಪೌಂಡಿಗೂ ಮಿಗಿಲಾಗಿ, ಎಂದರೆ ೧೩ ಟನ್ನಿಗೂ ಹೆಚ್ಚು ಭಾರವನ್ನು ಎಳೆಯಬಲ್ಲವುಗಳಿವೆ.

ಹಾಗಾದರೆ ಹೆಚ್ಚು ಎಣ್ಣೆ ಹಿಡಿಸುವ ಮುಚ್ಚಳ ಒಳ್ಳೆಯದಲ್ಲವೇ? ಮೇಲುನೋಟಕ್ಕೆ ಹೌದು. ಆದರೆ ಒಲೆಯ ಮೇಲೆ ಚಿಕ್ಕ ಪಾತ್ರೆಯ ಬದಲು ದೊಡ್ಡ ಪಾತ್ರೆಯನ್ನು ಇಟ್ಟರೆ ನೀರು ಕಾಯುವುದು ತಡವಾಗುತ್ತದೆ, ಕಾಯುವುದು ತಪ್ಪುವುದಿಲ್ಲ. ತಡವಾಗುವುದು ತಾನೇ ಎಷ್ಟು? ಒಂದು ಲೀಟರು ಗೇರು ಎಣ್ಣೆ ಹೀರುವ ಶಾಖ, ಸುಮಾರು ನಾಲ್ಕು ಕಿಲೋಗ್ರಾಮು ಕಬ್ಬಿಣ ಹೀರುವ ಶಾಖಕ್ಕೆ ಸಮ. ಭಾರೀ ಪಿಕಪ್ಪಿನ ಹಿಂದಚ್ಚು ನೂರು ಕಿಲೋಗ್ರಾಮಿಗೂ ಮೇಲೆ ತೂಗುವ ಕಬ್ಬಿಣ ಮತ್ತು ಉಕ್ಕಿನ ರಾಶಿ. ಆ ರಾಶಿಯ ಮುಂದೆ ನಾಲ್ಕು ಕಿಲೋಗ್ರಾಮು ಯಾವ ಮೂಲೆಗೆ? ಅದೂ ಅಲ್ಲದೆ, ಎಣ್ಣೆಯ ಮಟ್ಟವೇ ಏರಿತೆಂದರೆ ಚಕ್ರ ಅಷ್ಟೂ ಎಣ್ಣೆಯನ್ನು ಕಡೆಯಬೇಕು; ಕಡೆದದ್ದೆಲ್ಲ ಮತ್ತೆ ಶಾಖವೇ. ಹೆಚ್ಚಿನ ಎಣ್ಣೆಗೆ ಒಂದು ನಿಜವಾದ ಗುಣವುಂಟು: ಸವೆದ ಲೋಹದ ಹುಡಿ ಹೆಚ್ಚು ಎಣ್ಣೆಯಲ್ಲಿ ಹಂಚಿಹೋಗುತ್ತದೆ, ಎಣ್ಣೆ ಕೆಡುವುದು ಸ್ವಲ್ಪ ತಡವಾಗುತ್ತದೆ. ಆದರೆ ಅದು ತಂಪಿನ ಮಾತಲ್ಲ.

ಇನ್ನು ಅಲ್ಯೂಮಿನಿಯಮ್ಮು ಮತ್ತು ಅದರ ಏಣುಗಳು. ಅಲ್ಯೂಮಿನಿಯಮ್ಮು ಉಕ್ಕಿಗಿಂತ ಎರಡು ಮೂರು ಪಟ್ಟು ಸುಲಭವಾಗಿ ಶಾಖವನ್ನು ಹಾಯಿಸುತ್ತದೆಯೆಂಬುದು ನಿಜ. ಆದರೆ ಇಲ್ಲಿ ಶಾಖಕ್ಕೆ ಅಡ್ಡಿಯಾಗಿರುವುದು ಆ ತೆಳ್ಳನೆಯ ಗೋಡೆಯಲ್ಲ. ಗೋಡೆಯ ಹೊರಮೈಯಿಂದ ಗಾಳಿಗೆ ದಾಟುವಲ್ಲಿ ಅದು ತಡವರಿಸುತ್ತದೆ. ಏಣುಗಳು ಹೊರಮೈಯ ವಿಸ್ತಾರವನ್ನು ಹೆಚ್ಚಿಸಿ ಈ ದಾಟನ್ನು ಸುಲಭ ಮಾಡಬಲ್ಲವು, ಆದರೆ ಅವುಗಳ ನಡುವೆ ಗಾಳಿ ಬೀಸಬೇಕು. ಮುಚ್ಚಳವಿರುವುದೋ ಗುಂಡಿನ ಬೆನ್ನಿಗೆ. ಮುಂದಿನಿಂದ ಬರುವ ಗಾಳಿ ಗುಂಡಿನ ಎದೆಗೆ ಬಡಿದು ಸೀಳಿಹೋದ ಮೇಲೆ ಬೆನ್ನ ಹಿಂದೆ ಉಳಿಯುವುದು ಸುಳಿಗಾಳಿ. ಮನೆಯ ಮುಂದೆ ಬೀಸುವ ಗಾಳಿಗೆ ಹಿತ್ತಲಲ್ಲಿ ಒಗೆದ ಬಟ್ಟೆ ಹರವಿದಂತಾಯಿತು. ಮೇಲಾಗಿ ಶಾಖವೆಲ್ಲ ಮುಚ್ಚಳದ ಮೂಲಕವೇ ಹೋಗಬೇಕೆಂದೇನೂ ಇಲ್ಲ. ಗುಂಡಿನ ಉಳಿದ ಮೈ, ಅದರ ಎರಡು ಕಡೆಯ ಉದ್ದನೆಯ ಕೊಳವೆಗಳು, ಎಲ್ಲವೂ ಶಾಖವನ್ನು ಚೆಲ್ಲುತ್ತಿರುತ್ತವೆ. ಆ ಒಟ್ಟು ಮೈಯಲ್ಲಿ ಮುಚ್ಚಳದ ಪಾಲು ಚಿಕ್ಕದು. ಸ್ವಲ್ಪ ಡಿಗ್ರಿಗಳ ಲಾಭ ಆಗಬಾರದೆಂದಿಲ್ಲ, ಆದರೆ ಅದನ್ನು ನಂಬಿ ಬೆಟ್ಟ ಹತ್ತುವ ಹಾಗಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಲಾರಿ ತಯಾರಕರು ತಾವೇ ಹೇಳಿಕೊಳ್ಳುತ್ತಿದ್ದ ಎಳೆತದ ಅಂಕಿಗಳಿಗೆ ಒಂದು ಸಮಾನ ಅಳತೆಗೋಲು ಬೇಕೆಂದು ಮೋಟಾರು ಎಂಜಿನಿಯರುಗಳ ಸಂಘವಾದ ಎಸ್.ಎ.ಇ. ೨೦೦೮ರಲ್ಲಿ ಜೆ-೨೮೦೭ ಎಂಬ ನಿಯಮಾವಳಿಯನ್ನು ಹೊರಡಿಸಿತು. ಟೊಯೋಟಾ ಸಂಸ್ಥೆ ೨೦೧೧ರ ಮಾದರಿಗಳಿಗೆ ಅದನ್ನು ಮೊದಲು ಒಪ್ಪಿತು. ಉಳಿದವರು ಮೆಲ್ಲಗೆ ಹಿಂಬಾಲಿಸಿದರು. ಅದರ ಒಂದು ಪರೀಕ್ಷೆ ನಡೆಯುವುದು ಅರಿಜೋನಾ ಪ್ರಾಂತ್ಯದ ಮರುಭೂಮಿಯ ಡೇವಿಸ್ ಡ್ಯಾಮ್ ಏರಿನಲ್ಲಿ. ಕೊಲರಾಡೋ ನದಿಯ ದಂಡೆಯಿಂದ ಹೊರಟು ೧೧.೪ ಮೈಲಿಯ ಏರುದಾರಿ; ಹವೆ ನೂರು ಡಿಗ್ರಿ ಫಾರನ್‌ಹೀಟಿಗೆ ಕಡಿಮೆಯಿರಬಾರದು; ಒಳಗೆ ತಂಪುಯಂತ್ರ ಪೂರ್ತಿ ನಡೆಯುತ್ತಿರಬೇಕು; ಪೂರ್ಣಭಾರವನ್ನು ಎಳೆಯುತ್ತ, ಹಿಂದೆ ಎರಡೇ ಗಾಲಿಗಳುಳ್ಳ ಲಾರಿ ಗಂಟೆಗೆ ೪೦ ಮೈಲಿಗೆ ಕಡಿಮೆಯಾಗದಂತೆ ಏರಬೇಕು, ಯಾವ ಭಾಗವೂ ಕೆಡಬಾರದು. ಈ ಅಗ್ನಿಪರೀಕ್ಷೆಯಲ್ಲಿ ಲಾರಿ ಹೊತ್ತು ನಡೆಯುವುದು ಕಾರ್ಖಾನೆಯಲ್ಲಿ ತೊಡಿಸಿದ ಮುಚ್ಚಳವನ್ನೇ. ತಯಾರಕ ಹೇಳಿದ ಭಾರದ ಮಿತಿಯೊಳಗೆ ಎಳೆಯುವವನು ಶಾಖಕ್ಕೆ ಹೆದರಿ ಹೊಸ ಮುಚ್ಚಳ ಕೊಳ್ಳಬೇಕಾದ ಅಗತ್ಯ ಇದರಿಂದ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಗಾಜಿನಂಥ ಮುಚ್ಚಳ ಹೇಳಿದ ಕಥೆ

ಕ್ಯಾಲಿಫೋರ್ನಿಯಾದ ಅಜೂಸಾ ಎಂಬಲ್ಲಿ ಗೇಲ್ ಬ್ಯಾಂಕ್ಸ್ ಎಂಬ ಹೆಸರಾಂತ ಎಂಜಿನ್ ತಜ್ಞನ ಕಾರ್ಯಾಗಾರವಿದೆ. ಟರ್ಬೊ ಯಂತ್ರಗಳಲ್ಲಿಯೂ ವೇಗದ ಪಂದ್ಯಗಳಲ್ಲಿಯೂ ದಶಕಗಳ ಅನುಭವವುಳ್ಳ ಈತನ ತಂಡ ೨೦೧೮ರಲ್ಲಿ ಈ ಮುಚ್ಚಳಗಳ ಬಗೆಗೆ ಸರಣಿ ಚಲನಚಿತ್ರಗಳನ್ನು ಹೊರತಂದಿತು. ಹಿಂದಚ್ಚೊಂದನ್ನು ಚೌಕಟ್ಟಿನ ಮೇಲೆ ನಿಲ್ಲಿಸಿ, ಮೋಟಾರಿನಿಂದ ಚಕ್ರಗಳನ್ನು ತಿರುಗಿಸಿ, ಒಳಗಿನ ಎಣ್ಣೆಯ ಆಟ ಹೊರಗೆ ಕಾಣುವಂತೆ ಪಾರದರ್ಶಕವಾದ ಮುಚ್ಚಳಗಳನ್ನು ತೊಡಿಸಿ ನೋಡಿದರು. ಅಲ್ಲಿಯವರೆಗೆ ಕೊಳ್ಳುವವರು ಮುಚ್ಚಳದ ಹೊರಮೈಯನ್ನಷ್ಟೇ ಕಂಡಿದ್ದರು. ಒಳಗಿನ ನೋಟ ಬೇರೆಯೇ ಆಗಿತ್ತು.

ಕಾರ್ಖಾನೆಯ ಮುಚ್ಚಳದಂತೆ ಕ್ರೌನ್ ಚಕ್ರದ ದುಂಡನ್ನೇ ಅನುಸರಿಸುವ ಒಳಮೈ ಇದ್ದಲ್ಲಿ ಎಣ್ಣೆ ಒಂದು ಹಾಳೆಯಂತೆ ನುಣ್ಣಗೆ ಮೇಲೇರಿ ಸುತ್ತಿ ಮುಂದಕ್ಕೆ ಹೋಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಹಲವು ಮುಚ್ಚಳಗಳ ಬೆನ್ನು ಒಳಗಡೆ ಚಪ್ಪಟೆ. ಎಣ್ಣೆಯ ಜಾಗ ಹೆಚ್ಚಿಸಲೆಂದು, ನೋಟಕ್ಕೆ ಗಡುಸಾಗಿರಲೆಂದು ಹಾಗೆ ಪೆಟ್ಟಿಗೆಯಂತೆ ಮಾಡಿರುತ್ತಾರೆ. ಅಂಥ ಮುಚ್ಚಳದಲ್ಲಿ ಚಿಮ್ಮಿ ಬಂದ ಎಣ್ಣೆ ಚಪ್ಪಟೆ ಗೋಡೆಗೆ ಬಡಿದು, ಒಡೆದು, ತನ್ನ ಮೇಲೆಯೇ ಹೊರಳಿ, ಕಡಗೋಲಿಗೆ ಸಿಕ್ಕ ಮಜ್ಜಿಗೆಯಂತೆ ನೊರೆಯಾಗತೊಡಗಿತು. ನೊರೆ ಎಂದರೆ ಅರ್ಧ ಗಾಳಿ. ಗಾಳಿ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ, ಶಾಖವನ್ನು ಹೊತ್ತೊಯ್ಯುವುದೂ ಇಲ್ಲ. ಮುಂದಿನ ಪಿನಿಯನ್ ಬೇರಿಂಗುಗಳಿಗೆ ಹೋಗಬೇಕಾದ ಎಣ್ಣೆಗೂ ಇದರಿಂದ ದಾರಿ ತಪ್ಪುತ್ತದೆ. ಕಡಿದಾದ ಏರಿನಲ್ಲಿ ಎಣ್ಣೆ ತಾನಾಗಿಯೇ ಹಿಂದಕ್ಕೆ, ಮುಚ್ಚಳದ ಕಡೆಗೆ ಸರಿದಿರುತ್ತದೆ. ಆಗ ಮುಂದಿನ ಬೇರಿಂಗು ಬದುಕುವುದು ಚಕ್ರ ಎರಚಿದ ಎಣ್ಣೆಯಿಂದಲೇ. ಎಂದರೆ ಭಾರ ಅತ್ಯಧಿಕವಾಗಿರುವ ಹೊತ್ತಿನಲ್ಲಿಯೇ ಆ ಎರಚಾಟ ಕೆಡುವ ಸಂಭವ.

ಈ ಕಥೆಗೆ ಒಂದು ಬಾಲವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಬ್ಯಾಂಕ್ಸ್ ಸಂಸ್ಥೆ ಇಷ್ಟನ್ನು ತೋರಿಸಿ ಸುಮ್ಮನಾಗಲಿಲ್ಲ. ಒಳಗೆ ದುಂಡಾದ, ಹೊರಗೆ ಏಣುಗಳಿರುವ, ಅಚ್ಚಿನ ಅಡಿಯಿಂದ ಗಾಳಿಯನ್ನು ಹಿಡಿದು ತರುವ ಬಾಯಿಯುಳ್ಳ ತನ್ನದೇ ಮುಚ್ಚಳವೊಂದನ್ನು ಮಾರುಕಟ್ಟೆಗೆ ತಂದಿತು. ಪಕ್ಕದ ಅಂಗಡಿಯ ಅಕ್ಕಿಯಲ್ಲಿ ಕಲ್ಲಿದೆಯೆಂದು ತೋರಿಸಿದವನೇ ಅಕ್ಕಿಯ ಅಂಗಡಿ ತೆರೆದರೆ ಗಿರಾಕಿ ಹುಬ್ಬೇರಿಸುವುದು ಸಹಜ. ಆದರೆ ಅಕ್ಕಿಯಲ್ಲಿ ಕಲ್ಲಿತ್ತೇ ಇಲ್ಲವೇ ಎಂಬುದು ಬೇರೆ ಪ್ರಶ್ನೆ. ಎಣ್ಣೆ ನೊರೆಯಾದದ್ದು ನೋಡಿದವರ ಕಣ್ಣಿಗೆಲ್ಲ ಕಂಡಿತು. ಆ ನೊರೆಯಿಂದ ಇಂತಿಷ್ಟು ಮೈಲಿಗೆ ಬೇರಿಂಗು ಹೋಗುತ್ತದೆಂಬ ಲೆಕ್ಕ ಮಾತ್ರ ಆ ಚಿತ್ರದಿಂದ ಹೊರಡುವುದಿಲ್ಲ. ಚಪ್ಪಟೆ ಮುಚ್ಚಳ ಹಾಕಿಯೂ ವರ್ಷಗಟ್ಟಲೆ ಓಡುತ್ತಿರುವ ಲಾರಿಗಳಿವೆ. ಸಾಬೀತಾದದ್ದು ಇಷ್ಟು: ಮುಚ್ಚಳವೆಂಬುದು ಬರೀ ಮುಚ್ಚಳವಲ್ಲ, ಎಣ್ಣೆಯ ಕಾಲುವೆಯ ಒಂದು ದಂಡೆ. ದಂಡೆಯನ್ನು ಬದಲಿಸುವವನು ನೀರು ಎಲ್ಲಿಗೆ ಹೋಗುತ್ತದೆಂದು ತಿಳಿದು ಬದಲಿಸಬೇಕು.

ಯಾರಿಗೆ ಬೇಕು?

ಹಾಗೆಂದು ಹೊಸ ಮುಚ್ಚಳವೆಲ್ಲ ವ್ಯರ್ಥವೆಂದು ತೀರ್ಮಾನಿಸಿದರೆ ಅನ್ಯಾಯವಾದೀತು. ಶಾಖದ ಮಾತನ್ನು ಬದಿಗಿಟ್ಟು ನೋಡಿದರೆ ಅದಕ್ಕೆ ಸಲ್ಲುವ ಕೆಲಸಗಳಿವೆ.

ಮೊದಲನೆಯದು ಕಲ್ಲಿನ ಪೆಟ್ಟು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ರೂಬಿಕಾನ್ ಎಂಬ ಪ್ರಸಿದ್ಧವಾದ ಕಲ್ಲುದಾರಿಯಿದೆ. ಯೂಟಾ ಪ್ರಾಂತ್ಯದ ಮೋಆಬಿನ ಸುತ್ತ ಬಂಡೆಗಳ ಮೇಲೆಯೇ ವಾಹನ ನಡೆಸುವ ಮೋಜುಗಾರರಿದ್ದಾರೆ. ಅಲ್ಲಿ ಹಿಂದಚ್ಚಿನ ಗುಂಡು ಬಂಡೆಗೆ ತಗಲುವುದು ದಿನನಿತ್ಯದ ಮಾತು. ಒತ್ತಿ ಮಾಡಿದ ತಗಡಿನ ಮುಚ್ಚಳ ಒಳಕ್ಕೆ ನೆಗ್ಗಿದರೆ ಕ್ರೌನ್ ಚಕ್ರಕ್ಕೆ ತಾಗುತ್ತದೆ. ಅಂಚು ಮಡಿಚಿದರೆ ಎಣ್ಣೆಯೆಲ್ಲ ಕಾಡುಪಾಲು. ಅಂಥವರಿಗೆ ದಪ್ಪ ಉಕ್ಕಿನ ಅಥವಾ ಗಟ್ಟಿ ಎರಕದ ಕಬ್ಬಿಣದ ಮುಚ್ಚಳ ಪೂರ್ತಿ ಬೆಲೆ ಬಾಳುತ್ತದೆ. ಅಲ್ಯೂಮಿನಿಯಮ್ಮು ಅಲ್ಲಿಗೆ ತಕ್ಕದ್ದಲ್ಲ, ಪೆಟ್ಟಿಗೆ ಅದು ನೆಗ್ಗುವ ಬದಲು ಬಿರಿಯಬಹುದು.

ಎರಡನೆಯದು ಉಪ್ಪು. ಮಿಷಿಗನ್, ಓಹಾಯೋ ಮೊದಲಾದ ಉತ್ತರದ ಪ್ರಾಂತ್ಯಗಳಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ವಾಹನದ ಅಡಿಭಾಗ ಆ ಉಪ್ಪುನೀರಿನಲ್ಲಿ ತೊಯ್ದು ತೊಯ್ದು, ಕೆಲವು ವರ್ಷಗಳಲ್ಲಿ ತಗಡಿನ ಮುಚ್ಚಳ ತುಕ್ಕುಹಿಡಿದು ತೂತಾಗಿ ಎಣ್ಣೆ ಒಸರುವುದುಂಟು. ಹೇಗೂ ಬದಲಿಸಲೇಬೇಕಾದಾಗ ತುಕ್ಕು ಹಿಡಿಯದ ಲೋಹದ್ದನ್ನು ಆರಿಸುವುದು ಬುದ್ಧಿವಂತಿಕೆಯೇ. ಕಾರ್ಖಾನೆಯದೇ ಮತ್ತೊಂದು ತಗಡು ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆಂಬುದೂ ನೆನಪಿರಲಿ.

ಮೂರನೆಯದು ಎಲ್ಲಕ್ಕಿಂತ ಸಾಧಾರಣವಾದದ್ದು, ಬಹುಶಃ ಎಲ್ಲಕ್ಕಿಂತ ಉಪಯುಕ್ತವಾದದ್ದೂ ಹೌದು. ಅನೇಕ ಲಾರಿಗಳ ಹಿಂದಚ್ಚಿಗೆ ಎಣ್ಣೆ ಬಸಿಯುವ ತೂತನ್ನೇ ಇಟ್ಟಿರುವುದಿಲ್ಲ! ಎಣ್ಣೆ ಬದಲಿಸಬೇಕಾದರೆ ಬೋಲ್ಟುಗಳನ್ನೆಲ್ಲ ಬಿಚ್ಚಿ, ಮುಚ್ಚಳವನ್ನು ಎಬ್ಬಿಸಿ, ಎಣ್ಣೆ ಮೊಣಕೈಗೆ ಇಳಿಯುವಾಗ ಮುಖ ತಿರುಗಿಸಿಕೊಂಡು, ಹಳೆಯ ಗ್ಯಾಸ್ಕೆಟನ್ನು ಕೆರೆದು, ಮತ್ತೆ ಹೊಸದನ್ನು ಹಚ್ಚಿ ಬಿಗಿಯಬೇಕು. ಇಷ್ಟು ರಗಳೆಯಿದ್ದರೆ ಮಾಲೀಕ ಮುಂದಿನ ವರ್ಷಕ್ಕೆ ನೋಡೋಣವೆನ್ನುತ್ತಾನೆ. ಆ ಮುಂದಿನ ವರ್ಷ ಬರುವುದೇ ಇಲ್ಲ. ಅಂಗಡಿಯ ಮುಚ್ಚಳಗಳಲ್ಲಿ ಬಹುಪಾಲಿಗೆ ತಳದಲ್ಲಿ ಬಸಿಯುವ ಬಿರಡೆ, ಅದರ ತುದಿಗೆ ಅಯಸ್ಕಾಂತ, ಕೆಲವಕ್ಕೆ ಮಟ್ಟ ನೋಡುವ ಕಡ್ಡಿಯೂ ಇರುತ್ತದೆ. ಎಣ್ಣೆ ಬದಲಿಸುವುದು ಕಾಲು ಗಂಟೆಯ ಕೆಲಸವಾಗುತ್ತದೆ. ಚಕ್ರಗಳ ಆಯುಸ್ಸನ್ನು ಈ ಬಿರಡೆ ಹೆಚ್ಚಿಸುವಷ್ಟು ಏಣುಗಳು ಹೆಚ್ಚಿಸಲಾರವು.

ಪಂದ್ಯಗಳಿಗಾಗಿ ಮಾಡಿದ ಇನ್ನೊಂದು ಬಗೆಯಿದೆ. ಮುಚ್ಚಳದಿಂದ ಒಳಕ್ಕೆ ಎರಡು ಬೋಲ್ಟುಗಳು ಚಾಚಿ ಪಕ್ಕದ ಬೇರಿಂಗುಗಳ ಟೊಪ್ಪಿಗೆಯನ್ನು ಒತ್ತಿಹಿಡಿಯುತ್ತವೆ; ನಿಂತಲ್ಲಿಂದ ಒಮ್ಮೆಲೇ ನೆಗೆಯುವ ಓಟದ ಕಾರುಗಳಲ್ಲಿ ಆ ಟೊಪ್ಪಿಗೆಗಳು ಬಳುಕದಂತೆ ಇದು ತಡೆಯುತ್ತದೆ. ಮನೆಬಳಕೆಯ ಪಿಕಪ್ಪಿಗೆ ಅದರ ಹಂಗಿಲ್ಲ. ಅತಿಯಾಗಿ ಬಿಗಿದರೆ ಬೇರಿಂಗಿಗೇ ಹಾನಿ.

ಕನ್ನಡ ನಾಡಿಗೆ ಈ ಮುಚ್ಚಳ ತೀರ ಹೊಸಬನೇನೂ ಅಲ್ಲ. ಎರಡನೆಯ ಮಹಾಯುದ್ಧದ ಜೀಪಿನ ಹಿಂದಚ್ಚು ಇದೇ ಬಗೆಯದು, ಬೆನ್ನಿಗೆ ಬೋಲ್ಟು ಬಿಗಿದ ದುಂಡು ತಗಡಿನ ಮುಚ್ಚಳದ್ದು. ೧೯೪೦ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ಅದೇ ವಂಶದ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿ ಮಳೆಗಾಲದ ಕೆಸರನ್ನೂ ಕಲ್ಲುಗುಂಡಿಯ ಏರನ್ನೂ ದಶಕಗಳ ಕಾಲ ಹತ್ತಿಳಿದ ಜೀಪುಗಳು ಆ ಮನೆತನದವೇ. ಅವುಗಳ ಬೆನ್ನಿಗೆ ಇದ್ದದ್ದು ಥಳಕಿಲ್ಲದ ಆ ಹಳೆಯ ತಗಡು; ಒಳಗಡೆ ಮಾತ್ರ ಅದು ಚಕ್ರದ ದುಂಡಿಗೆ ಸರಿಯಾಗಿ ಬಾಗಿದ್ದು.

ಅದೇ ಹಣ ಬೇರೆಡೆ

ಕಲ್ಲು ಹತ್ತದ, ಉಪ್ಪಿನ ಬೀದಿಯಲ್ಲಿ ಓಡಾಡದ, ವರ್ಷಕ್ಕೆ ನಾಲ್ಕಾರು ಸಲ ಪ್ರವಾಸದ ಗಾಡಿಯನ್ನು ಎಳೆಯುವ ಸಂಸಾರಸ್ಥನು ಆ ೩೦೦ ಡಾಲರುಗಳನ್ನು ಏನು ಮಾಡಬೇಕು? ಒಳ್ಳೆಯ ಎಣ್ಣೆಗೆ ಹಾಕುವುದು ಮೊದಲ ಮಾತು. ಭಾರ ಎಳೆಯುವವರಿಗೆ ಎಣ್ಣೆ ಬದಲಿಸುವ ಗಡುವು ಬೇರೆಯೆಂದು ವಾಹನದ ಕೈಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ಓದುವವರು ವಿರಳ. ಎಷ್ಟು ಮಂದದ ಎಣ್ಣೆ ಎಂಬುದನ್ನೂ ಅದೇ ಪುಸ್ತಕ ಹೇಳುತ್ತದೆ. ಮಂದವಾದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ, ಅತಿ ಮಂದವಾದದ್ದು ಕಡೆತದಲ್ಲಿಯೇ ಕಾಯುತ್ತದೆ. ಒಂದೇ ಗಾಲಿ ಕೆಸರಿನಲ್ಲಿ ಸುಮ್ಮನೆ ಸುತ್ತದಂತೆ ತಡೆಯುವ ಬಗೆಯ ಡಿಫರೆನ್ಷಿಯಲ್ ಇದ್ದರೆ ಅದಕ್ಕೆ ಹೇಳಿದ ಬೆರಕೆಯನ್ನು ಮರೆಯಬಾರದು.

ಎರಡನೆಯದು ಉಸಿರುಕೊಳವೆ. ಅಚ್ಚಿನ ಮೇಲೆ ಬೆರಳಿನಷ್ಟು ದಪ್ಪದ ಒಂದು ಚಿಕ್ಕ ಕೊಳವೆಯಿರುತ್ತದೆ; ಒಳಗಿನ ಗಾಳಿ ಕಾದು ಹಿಗ್ಗಿದಾಗ ಹೊರಬಿಡಲು, ಆರಿದಾಗ ಒಳಗೆಳೆಯಲು ಅದೇ ದಾರಿ. ಅಮೆರಿಕೆ ಕೆರೆಗಳ ದೇಶವೂ ಹೌದು, ದೋಣಿಗಳ ದೇಶವೂ ಹೌದು. ದೋಣಿಯ ಗಾಡಿಯನ್ನು ಹೆದ್ದಾರಿಯಲ್ಲಿ ಎಳೆದು ತಂದವನು ಅದೇ ಬಿಸಿಯಲ್ಲಿ ಲಾರಿಯ ಹಿಂಭಾಗವನ್ನು ಕೆರೆಯ ತಣ್ಣೀರಿಗೆ ಇಳಿಸುತ್ತಾನೆ. ಉಸಿರುಕೊಳವೆ ಮಣ್ಣಿನಿಂದ ಕಟ್ಟಿದ್ದರೆ, ಒಮ್ಮೆಲೇ ತಣ್ಣಗಾದ ಅಚ್ಚು ಅಂಚಿನ ಸೀಲುಗಳ ಸಂದಿಯಿಂದ ನೀರನ್ನೇ ಹೀರಿಕೊಳ್ಳುತ್ತದೆ. ಮುಂದಿನ ಸಲ ಬಿಚ್ಚಿದಾಗ ಒಳಗಿನ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಯಾವ ಏಣಿನ ಮುಚ್ಚಳವೂ ಇದನ್ನು ತಪ್ಪಿಸಲಾರದು. ಕೆಲವೇ ಡಾಲರಿನ ಹೊಸ ಕೊಳವೆ ತಪ್ಪಿಸುತ್ತದೆ.

ಆದರೂ ಕೊಳ್ಳಲೇಬೇಕೆಂಬ ಮನಸ್ಸಾದರೆ, ಮನಸ್ಸಿಗೆ ಬೇಲಿ ಹಾಕಿದವರಾರು? ನೋಡಬೇಕಾದ್ದನ್ನು ನೋಡಿ ಕೊಂಡರೆ ಸಾಕು. ಮುಚ್ಚಳವನ್ನು ಅಂಗಡಿಯಲ್ಲಿ ಬೋರಲು ಹಾಕಿ ಒಳಮೈಯನ್ನು ಮೊದಲು ನೋಡಬೇಕು: ದುಂಡಾಗಿದೆಯೇ, ಚಪ್ಪಟೆಯೇ, ನಡುವೆ ಎಣ್ಣೆಗೆ ಅಡ್ಡ ನಿಲ್ಲುವ ದಿಂಡುಗಳಿವೆಯೇ. ಎಣ್ಣೆ ತುಂಬುವ ತೂತು ಕಾರ್ಖಾನೆಯ ಮಟ್ಟದಲ್ಲಿಯೇ ಇರಬೇಕು. ಅದು ಮೇಲಿದ್ದು ತೂತಿನ ಮಟ್ಟಕ್ಕೆ ತುಂಬಿದರೆ ಎಣ್ಣೆ ಅತಿಯಾಗಿ ನೊರೆಯೆದ್ದು ಉಸಿರುಕೊಳವೆಯಿಂದಲೂ ಸೀಲುಗಳಿಂದಲೂ ಒಸರುತ್ತದೆ. ಕೆಳಗಿದ್ದರೆ ಬೇರಿಂಗುಗಳು ಒಣಗುತ್ತವೆ. ಉಬ್ಬು ಹೆಚ್ಚಾದ ಮುಚ್ಚಳ ಕೆಲವು ಲಾರಿಗಳಲ್ಲಿ ಅಡಿಯಲ್ಲಿ ತೂಗುವ ಹೆಚ್ಚುವರಿ ಗಾಲಿಗೆ ತಾಗುವುದೂ ಉಂಟು, ಅದನ್ನು ಮೊದಲೇ ಅಳೆದುಕೊಳ್ಳಬೇಕು. ಹೊರಗಿನ ಭಾಗ ಹಾಕಿಸಿದ ಮಾತ್ರಕ್ಕೆ ತಯಾರಕನ ಭರವಸೆ ರದ್ದಾಗುತ್ತದೆಂದು ಹೆದರಿಸುವವರಿರುತ್ತಾರೆ. ೧೯೭೫ರ ಮ್ಯಾಗ್ನುಸನ್-ಮಾಸ್ ಶಾಸನದಂತೆ ಹಾಗೆ ಸಾರಾಸಗಟಾಗಿ ರದ್ದು ಮಾಡಲಾಗದು, ಆ ಭಾಗದಿಂದಲೇ ಕೇಡಾಯಿತೆಂದು ತಯಾರಕ ತೋರಿಸಬೇಕು. ಚಪ್ಪಟೆ ಮುಚ್ಚಳದ ಹಿಂದೆ ಪಿನಿಯನ್ ಬೇರಿಂಗು ಹೋಗಿದ್ದರೆ, ಹಾಗೆ ತೋರಿಸಲು ತಯಾರಕನಿಗೆ ಒಂದು ಎಳೆ ಸಿಕ್ಕಂತಾಯಿತೆಂಬುದು ಬೇರೆ ಮಾತು.

ಮುಚ್ಚಳ ಹೊಸದಿರಲಿ ಹಳೆಯದಿರಲಿ, ಎಣ್ಣೆ ಬಸಿದ ದಿನ ಅಯಸ್ಕಾಂತಕ್ಕೆ ಅಂಟಿದ್ದನ್ನು ಬೆರಳಿನಲ್ಲಿ ತೆಗೆದು ಉಜ್ಜಿ ನೋಡುವುದು ಒಳ್ಳೆಯದು. ಬೂದುಬಣ್ಣದ ನುಣ್ಣನೆಯ ಲೇಪವಾಗಿದ್ದರೆ ಅದು ಚಕ್ರಗಳ ಸಹಜವಾದ ಸವೆತ. ಒರೆಸಿ ಬಿರಡೆ ಹಾಕಿ ಹೊಸ ಎಣ್ಣೆ ತುಂಬಬಹುದು. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕಿದರೆ ಒಳಗೆ ಹಲ್ಲೋ ಬೇರಿಂಗೋ ಒಡೆಯತೊಡಗಿದೆಯೆಂದು ಅರ್ಥ. ಆಗ ಗಾಡಿಯನ್ನು ಕಟ್ಟಿಕೊಂಡು ಬೆಟ್ಟಕ್ಕೆ ಹೊರಡದೆ, ಗೇರು ಕೂರಿಸುವುದನ್ನು ಬಲ್ಲ ಮೇಸ್ತ್ರಿಯನ್ನು ಆ ವಾರವೇ ಕಾಣಬೇಕು.